ಅಮೆರಿಕದ ಗಡಿಯಲ್ಲಿ ಮೊಬೈಲ್ ತೆರೆಸಿ ನೋಡಲು ವಾರಂಟ್ ಬೇಕೇ?

ಪರ: ಬೇಕು, ಬೇಕೇ ಬೇಕು

ನೇರವಾಗಿ ಹೇಳಿಬಿಡುತ್ತೇನೆ. ಅಮೆರಿಕದ ಪೊಲೀಸರು ಒಬ್ಬನನ್ನು ಬಂಧಿಸಿದರೂ ಅವನ ಮೊಬೈಲ್ ಒಳಗೆ ಇಣುಕಲು ನ್ಯಾಯಾಧೀಶರಿಂದ ವಾರಂಟ್ ತರಬೇಕು. ಅದೇ ದೇಶದ ವಿಮಾನ ನಿಲ್ದಾಣದಲ್ಲಿ, ಯಾವ ತಪ್ಪೂ ಮಾಡದೆ, ಇಪ್ಪತ್ತು ಗಂಟೆ ವಿಮಾನದಲ್ಲಿ ಕೂತು ಸೊಂಟ ಹಿಡಿದುಕೊಂಡು ಇಳಿದವರ ಮೊಬೈಲನ್ನು ಅಧಿಕಾರಿ ಸುಮ್ನೆ ಇಸಿದುಕೊಂಡು ನೋಡಬಹುದು. ಬೇಡಿ ಬಿದ್ದವನಿಗೆ ಇರುವ ರಕ್ಷಣೆ ಪ್ರಯಾಣಿಕನಿಗೆ ಇಲ್ಲ. ಇದ್ಯಾವ ಸೀಮೆ ನ್ಯಾಯ?

2014ರ ರೈಲಿ ಪ್ರಕರಣ ನೋಡಿ. ಸ್ಯಾನ್ ಡಿಯಾಗೋದಲ್ಲಿ ಕಾರಿನ ನೋಂದಣಿ ಅವಧಿ ಮುಗಿದಿದೆ ಅಂತ ಒಬ್ಬನನ್ನು ಪೊಲೀಸರು ನಿಲ್ಲಿಸಿದರು. ಅಲ್ಲಿಂದ ಮುಂದಕ್ಕೆ ಹೋಗಿ ಅವನ ಫೋನಿನ ಫೋಟೋ, ವಿಡಿಯೋ ಎಲ್ಲ ಜಾಲಾಡಿದರು. ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಇದು ಆಗದ ಮಾತು ಅಂದರು. ಜೇಬಿನ ಬೇರೆ ವಸ್ತು ನೋಡುವುದೂ ಫೋನ್ ನೋಡುವುದೂ ಒಂದೇ ಅನ್ನುವುದು ಸರ್ಕಾರದ ವಾದ. ಹಾಗಾದರೆ ಕುದುರೆ ಸವಾರಿಯೂ ಚಂದ್ರನಲ್ಲಿಗೆ ಹೋಗುವುದೂ ಒಂದೇ ಅನ್ನಬೇಕಾಗುತ್ತದೆ ಅಂತ ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಬರೆದರು. ಪೊಲೀಸರು ಏನು ಮಾಡಬೇಕು ಅನ್ನುವುದಕ್ಕೆ ಅವರ ಉತ್ತರ ಚಿಕ್ಕದು: ವಾರಂಟ್ ತನ್ನಿ.

ಆದರೆ ಗಡಿಯಲ್ಲಿ ಮಾತ್ರ ಅದು ನಡೆಯುವುದಿಲ್ಲ. ಅಲ್ಲಿ ವಾರಂಟ್ ಬೇಡ ಅನ್ನುವ ಹಳೆಯ ವಿನಾಯಿತಿ ಇದೆ. ಕಳ್ಳಸಾಗಣೆ ತಡೆಯಲು, ಸುಂಕ ವಸೂಲಿ ಮಾಡಲು ಹುಟ್ಟಿದ್ದು ಅದು. ನನ್ನ ವಾಟ್ಸಾಪ್‌ಗೆ ಯಾವ ಸುಂಕ ಹಾಕುತ್ತಾರೆ?

ಇತಿಹಾಸವೂ ತಮಾಷೆಯಾಗಿದೆ. 1761ರಲ್ಲಿ ಬಾಸ್ಟನ್‌ನಲ್ಲಿ ಬ್ರಿಟಿಷ್ ಸುಂಕದ ಅಧಿಕಾರಿಗಳ ಕೈಯಲ್ಲಿ ಒಂದು ಪರವಾನಗಿ ಇರುತ್ತಿತ್ತು. ಯಾವ ಮನೆಗೆ, ಯಾವ ಮಳಿಗೆಗೆ ಬೇಕಾದರೂ ನುಗ್ಗಬಹುದು, ಕಾರಣ ಹೇಳಬೇಕಿಲ್ಲ. ಜೇಮ್ಸ್ ಓಟಿಸ್ ಅನ್ನುವ ವಕೀಲ ಅದರ ವಿರುದ್ಧ ಗಂಟೆಗಟ್ಟಲೆ ವಾದಿಸಿ ಸೋತ. ಆದರೆ ಆ ಸಿಟ್ಟು ಆರಲಿಲ್ಲ. ಸರಿಯಾದ ಕಾರಣವಿಲ್ಲದೆ ಯಾರನ್ನೂ ಶೋಧಿಸಬಾರದು ಅನ್ನುವ, ಅಮೆರಿಕ ಸಂವಿಧಾನದ ನಾಲ್ಕನೇ ತಿದ್ದುಪಡಿ 1791ರಲ್ಲಿ ಬಂದಿದ್ದರ ಹಿಂದೆ ಆ ಸಿಟ್ಟೂ ಇದೆ. ಸುಂಕದವರ ಕಾಟದಿಂದ ಹುಟ್ಟಿದ ಹಕ್ಕು ಇವತ್ತು ಸುಂಕದವರ ಮೇಜಿನ ಮುಂದೆಯೇ ಬಾಯಿ ಮುಚ್ಚಿಕೊಂಡು ನಿಂತಿದೆ! ಸುಂಕದವನ ಹತ್ತಿರ ಸುಖದುಃಖ ಹೇಳಿಕೊಂಡು ಪ್ರಯೋಜನವಿಲ್ಲ ಅಂತ ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ವಿದೇಶಿಯರಿಗೆ ಒಳಗೆ ಬರುವ ಹಕ್ಕೇ ಇಲ್ಲ, ಮತ್ತೇನು ತಕರಾರು ಅನ್ನುವವರಿದ್ದಾರೆ. ಅವರು ಸಿದ್ ಬಿಕ್ಕಣ್ಣವರ್ ಕಥೆ ಕೇಳಲಿ. ಮನೆತನದ ಹೆಸರು ಧಾರವಾಡ ಕಡೆಯದಂತೆ ಕಾಣುತ್ತದೆ, ಆದರೆ ಅವರು ಅಮೆರಿಕದಲ್ಲೇ ಹುಟ್ಟಿದ ಪ್ರಜೆ, ನಾಸಾದ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯದ ಎಂಜಿನಿಯರ್. ಸರ್ಕಾರವೇ ಮೊದಲೇ ಪರಿಶೀಲಿಸಿ ಕೊಡುವ ಗ್ಲೋಬಲ್ ಎಂಟ್ರಿ ಅನ್ನುವ, ಬೇಗ ಒಳಗೆ ಬಿಡುವ ಸೌಲಭ್ಯವೂ ಅವರ ಹತ್ತಿರ ಇತ್ತು. 2017ರ ಜನವರಿ ಕೊನೆಯಲ್ಲಿ ಚಿಲಿಯಿಂದ ವಾಪಸ್ ಬಂದಾಗ ಹ್ಯೂಸ್ಟನ್‌ನಲ್ಲಿ ತಡೆದರು. ಫೋನ್ ಪ್ರಯೋಗಾಲಯದ್ದು, ತೆರೆಯುವಂತಿಲ್ಲ ಅಂದರೂ ಬಿಡಲಿಲ್ಲ, ಪಿನ್ ಹೇಳಿಸಿಕೊಂಡು ಫೋನ್ ಒಳಗೆ ತೆಗೆದುಕೊಂಡು ಹೋದರು. ಏನು ನೋಡಿದರು, ಏನು ನಕಲು ಮಾಡಿಕೊಂಡರು, ಅವರಿಗೆ ಯಾರೂ ಹೇಳಲಿಲ್ಲ.

ಅವರೂ ಸೇರಿ 11 ಜನ ಅದೇ ವರ್ಷ ಕೋರ್ಟಿಗೆ ಹೋದರು. ಅದರಲ್ಲಿ 10 ಜನ ಅಮೆರಿಕದ ಪ್ರಜೆಗಳು. 2019ರಲ್ಲಿ ಬಾಸ್ಟನ್‌ನ ನ್ಯಾಯಾಧೀಶೆ, ಸರಿಯಾದ ಅನುಮಾನವಾದರೂ ಇರಬೇಕು ಅಂದರು. 2021ರಲ್ಲಿ ಮೇಲ್ಮನವಿ ಕೋರ್ಟ್ ಅದನ್ನೂ ತೆಗೆದುಹಾಕಿತು. ಸುಪ್ರೀಂ ಕೋರ್ಟ್ ಕೇಸ್ ಕೈಗೆತ್ತಿಕೊಳ್ಳಲೇ ಇಲ್ಲ. ಹೀಗಾಗಿ ಈಗ ಒಂದೊಂದು ಭಾಗದ ಮೇಲ್ಮನವಿ ಕೋರ್ಟ್ ಹೇಳಿದ್ದೇ ಅಲ್ಲಿನ ನಿಯಮ: ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಳಿದರೆ ಒಂದು, ಅಟ್ಲಾಂಟಾದಲ್ಲಿ ಇಳಿದರೆ ಇನ್ನೊಂದು. 2024ರಲ್ಲಿ ನ್ಯೂಯಾರ್ಕ್‌ನ ಒಬ್ಬ ಫೆಡರಲ್ ನ್ಯಾಯಾಧೀಶೆ ವಾರಂಟ್ ಬೇಕೇ ಬೇಕು ಅಂದಿದ್ದಾರೆ. ಟಿಕೆಟ್ ಬುಕ್ ಮಾಡುವಾಗ ಕಡಿಮೆ ರೇಟು ನೋಡಬೇಕೋ, ಕೋರ್ಟಿನ ವ್ಯಾಪ್ತಿ ನೋಡಬೇಕೋ?

ವಾರಂಟ್ ಬೇಕು ಅಂದರೆ, ಮಕ್ಕಳ ಅಶ್ಲೀಲ ಚಿತ್ರ ಸಾಗಿಸುವವರನ್ನು ಹಿಡಿಯುವುದು ಹೇಗೆ ಅಂತ ಕೇಳುತ್ತಾರೆ. ಆ ಮಾತು ಎತ್ತಿದರೆ ಎದುರಿನವರ ಬಾಯಿ ಕಟ್ಟುತ್ತದೆ ಅಂತ ಗೊತ್ತಿದ್ದೇ ಎತ್ತುತ್ತಾರೆ. ಬಿಡಿ.

ನನ್ನ ಸುತ್ತಲಿನ ಕನ್ನಡದವರನ್ನೇ ನೋಡುತ್ತಿದ್ದೇನೆ. ಊರಿಗೆ ಹೋಗಿ ವಾಪಸ್ ಹೊರಡುವ ಹಿಂದಿನ ರಾತ್ರಿ ಕೂತು ಮೆಸೇಜ್ ಅಳಿಸುತ್ತಾರೆ. ಅಳಿಸುವಂಥದ್ದು ಏನಿರುತ್ತದೆ ಹೇಳಿ? ಮದುವೆ ಫೋಟೋ, ಸೈಟಿನ ಜಗಳ, ಭಾವಮೈದ ಕಳಿಸಿದ ರಾಜಕೀಯ ಜೋಕು. ಆ ಜೋಕಿನದೇ ಭಯ. ಪ್ರಜೆಯಾದರೆ ಪಾಸ್‌ವರ್ಡ್ ಕೊಡದಿದ್ದರೂ ಒಳಗೆ ಬಿಡಲೇಬೇಕು, ಫೋನ್ ಮಾತ್ರ ಇಟ್ಟುಕೊಳ್ಳಬಹುದು. ವೀಸಾದವರನ್ನು ಬಂದ ದಾರಿಯಲ್ಲೇ ವಾಪಸ್ ಕಳಿಸಬಹುದು. 2025ರ ಡಿಸೆಂಬರ್‌ನಿಂದ ಎಚ್-1ಬಿ ಕೆಲಸದ ವೀಸಾ, ಅವರ ಕುಟುಂಬದವರ ಎಚ್-4 ವೀಸಾ ಅರ್ಜಿದಾರರು ಸೋಷಿಯಲ್ ಮೀಡಿಯಾ ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ತೆರೆದಿಡಬೇಕು ಅಂತಲೂ ಬಂದಿದೆ. ಅದು ಬೇರೆ ನಿಯಮ, ಒಪ್ಪುತ್ತೇನೆ. ಆದರೆ ಬುದ್ಧಿ ಅದೇ.

ವಿರೋಧ: ಬೇಡ, ಅಷ್ಟೊಂದು ರಾದ್ಧಾಂತ

ನನಗೆ ‘ಬೇಡ’ದ ಕಡೆ ಬರೆಯಿರಿ ಅಂದರು. ಪೂರ್ತಿ ಮನಸ್ಸಿನಿಂದ ಒಪ್ಪಿದೆ ಅಂತ ಹೇಳಲಾರೆ, ಆದರೂ ಈ ಕಡೆಗೂ ನ್ಯಾಯ ಇದೆ.

ಎದುರಿನವರು ರೈಲಿ ಕೇಸ್ ತೆಗೆಯುತ್ತಾರೆ, ಗೊತ್ತು. ಅದು ದೇಶದ ಒಳಗಿನ ಮಾತು. ಗಡಿ ಬೇರೆ. 1789ರಲ್ಲಿ ಅಮೆರಿಕದ ಮೊದಲ ಕಾಂಗ್ರೆಸ್ಸೇ ವಾರಂಟ್ ಇಲ್ಲದೆ ಹಡಗು ಹುಡುಕಬಹುದು ಅಂತ ಸುಂಕದ ಕಾನೂನು ಮಾಡಿತು. ನಾಲ್ಕನೇ ತಿದ್ದುಪಡಿಯನ್ನು ಮುಂದಿಟ್ಟಿದ್ದೂ ಅದೇ ಕಾಂಗ್ರೆಸ್, ಅದೇ ವರ್ಷ. 1977ರಲ್ಲಿ ಥಾಯ್ಲೆಂಡಿನಿಂದ ಅಂಚೆಯಲ್ಲಿ ಬಂದ ಲಕೋಟೆಗಳಲ್ಲಿ ಹೆರಾಯಿನ್ ಸಿಕ್ಕಿತು. ಲಕೋಟೆಯನ್ನೂ ಒಡೆದು ನೋಡಬಹುದು ಅಂದಿತು ಸುಪ್ರೀಂ ಕೋರ್ಟ್. 2004ರಲ್ಲಿ ಕಾರಿನ ಪೆಟ್ರೋಲ್ ಟ್ಯಾಂಕನ್ನೇ ಬಿಚ್ಚಿದ್ದೂ ಸರಿ ಅಂದಿತು.

ಇನ್ನು ಲೆಕ್ಕ. 2024ರ ಆರ್ಥಿಕ ವರ್ಷದಲ್ಲಿ ಗಡಿ ದಾಟಿ ಬಂದವರು 42 ಕೋಟಿ. ಫೋನ್, ಲ್ಯಾಪ್‌ಟಾಪ್ ನೋಡಿದ್ದು 47 ಸಾವಿರ ಚಿಲ್ಲರೆ. ಒಂಬತ್ತು ಸಾವಿರಕ್ಕೆ ಒಂದು. ಗಡಿ ಇಲಾಖೆಯ 2018ರ ನಿಯಮದ ಪ್ರಕಾರ ಕೈಯಲ್ಲಿ ಹಿಡಿದು ನೋಡುವುದಾದರೆ ಫೋನಿನಲ್ಲಿ ಉಳಿದಿರುವುದನ್ನು ಮಾತ್ರ ನೋಡಬೇಕು, ಇಂಟರ್ನೆಟ್ ಆಫ್ ಮಾಡಿರಬೇಕು. ಯಂತ್ರಕ್ಕೆ ಜೋಡಿಸಿ ನಕಲು ಮಾಡಲು ಸರಿಯಾದ ಅನುಮಾನ ಇರಬೇಕು, ಇಲ್ಲವೇ ದೇಶದ ಭದ್ರತೆಯ ಪ್ರಶ್ನೆ ಇರಬೇಕು. ಮೇಲಧಿಕಾರಿಯ ಒಪ್ಪಿಗೆಯೂ ಬೇಕು. ಇದಕ್ಕೂ ವಾರಂಟ್ ಅಂದರೆ ವಲಸೆ ಕೌಂಟರಿನ ಪಕ್ಕ ಒಬ್ಬೊಬ್ಬ ನ್ಯಾಯಾಧೀಶರಿಗೆ ಕುರ್ಚಿ ಹಾಕಿಸಬೇಕು, ಅಲ್ವಾ?

ನಮ್ಮ ಮನೆಯದೇ ಒಂದು ಕಥೆ ಹೇಳುತ್ತೇನೆ. ಅಪ್ಪ ಅಮ್ಮ ಮೊದಲ ಸಲ ಅಮೆರಿಕಕ್ಕೆ ಬಂದಾಗ ಸಾಗರದಿಂದ ನಾನೇ ಕರೆದುಕೊಂಡು ಬಂದಿದ್ದೆ. ಬ್ಯಾಗ್ ಬರುವ ಜಾಗದಲ್ಲಿ ಪುಟ್ಟ ಬೀಗಲ್ ನಾಯಿಯೊಂದು ಬಂದು ನಮ್ಮ ಸೂಟ್‌ಕೇಸ್ ಪಕ್ಕ ಕೂತುಬಿಟ್ಟಿತು. ಅಮ್ಮನಿಗೆ ಅದರ ಮೇಲೆ ಪ್ರೀತಿ ಉಕ್ಕಿ ‘ಬಾ ಪುಟ್ಟಾ’ ಅಂತ ಕರೆಯತೊಡಗಿದಳು. ಅದು ಕೂತರೆ ಏನರ್ಥ ಅಂತ ನನಗೆ ಗೊತ್ತಿತ್ತು, ಅವಳಿಗೆ ಗೊತ್ತಿರಲಿಲ್ಲ. ಮೇಜಿನ ಮೇಲೆ ಎಲ್ಲ ಬಿಚ್ಚಿಸಿದರು. ಅಪ್ಪೆಮಿಡಿ ಉಪ್ಪಿನಕಾಯಿ ಪಾಸಾಯಿತು. ಸೀರೆಯ ಮಡಿಕೆಯಿಂದ ಕರಿಬೇವು ಹೊರಗೆ ಬಂತು. ಹಸಿ ಕರಿಬೇವಿನ ಜೊತೆ ಬರುವ ಹುಳದಿಂದ ಕಿತ್ತಳೆ, ನಿಂಬೆ ಗಿಡಗಳಿಗೆ ರೋಗ ಹರಡುತ್ತದೆ, ಹಾಗಾಗಿ ತರುವಂತಿಲ್ಲ. ಕಸದ ಬುಟ್ಟಿಗೆ ಹೋಯಿತು. ‘ನಮ್ಮ ಹಿತ್ತಲಿಂದು ಕಣೇ, ಮದ್ದು ಹೊಡೆದಿದ್ದಲ್ಲ’ ಅಂತ ಅಮ್ಮ ನನಗೆ ಹೇಳುತ್ತಲೇ ಇದ್ದಳು. ಆಮೇಲೆ ಅಪ್ಪನ ಸುಣ್ಣದ ಡಬ್ಬಿ. ಬಿಳಿ ಮುದ್ದೆ ನೋಡಿ ಅಧಿಕಾರಿಯ ಮುಖ ಗಂಭೀರವಾಯಿತು. ಅಪ್ಪ ಗಾಬರಿಯಾಗದೆ ಬೆರಳ ತುದಿಗೆ ಸುಣ್ಣ ತೆಗೆದುಕೊಂಡು, ಇಲ್ಲದ ಎಲೆಗೆ ಹಚ್ಚಿ, ಇಲ್ಲದ ಅಡಿಕೆ ಹಾಕಿ, ಮಡಿಚಿ ಬಾಯಿಗಿಡುವುದನ್ನು ಅಭಿನಯಿಸಿ ತೋರಿಸಿದ. ಸಾಲದ್ದಕ್ಕೆ ಫೋನ್ ತೆಗೆದು ನಮ್ಮ ತೋಟದ ಫೋಟೋ ಒಂದೊಂದಾಗಿ ತೋರಿಸಲು ಶುರು ಮಾಡಿದ. ಮೂರನೆಯ ಫೋಟೋಗೆ ಅಧಿಕಾರಿಯೇ ‘ಸಾಕು ಸರ್, ಸಾಕು’ ಅಂದ. ನೋಡಿ, ಅವರಿಗೂ ನಮ್ಮ ಫೋನ್ ನೋಡುವ ಹುಚ್ಚೇನಿಲ್ಲ.

ಆ ಸೂಟ್‌ಕೇಸ್ ಬಿಚ್ಚಿಸಿದಾಗ ನಾವು ಯಾರೂ ವಾರಂಟ್ ಕೇಳಲಿಲ್ಲ. ಸೀರೆ, ಒಳಬಟ್ಟೆ, ಮಾತ್ರೆ ಎಲ್ಲ ನಾಲ್ಕು ಜನರ ಮುಂದೆ ಹರಡಿತ್ತು. ಅದನ್ನು ಸಹಿಸಿಕೊಂಡ ಮೇಲೆ ಫೋನಿಗೆ ಮಾತ್ರ ಯಾಕೆ ಬೇರೆ ಮರ್ಯಾದೆ?

ನ್ಯೂಯಾರ್ಕಿನ 2024ರ ತೀರ್ಪನ್ನೂ ಎದುರಿನವರು ಉದಾಹರಿಸುತ್ತಾರೆ. ಅದೇ ನ್ಯಾಯಾಧೀಶೆ, ಅಧಿಕಾರಿಗಳು ಸದುದ್ದೇಶದಿಂದ ನಡೆದುಕೊಂಡಿದ್ದಾರೆ ಅಂತ ಫೋನಿನಲ್ಲಿ ಸಿಕ್ಕ ಸಾಕ್ಷ್ಯವನ್ನು ಉಳಿಸಿಕೊಂಡರು. ಈ ಭಾಗ ಯಾರೂ ಹೇಳುವುದಿಲ್ಲ.

ಒಂದು ವಿಷಯ ಮಾತ್ರ ನನಗೂ ಸರಿ ಕಾಣುವುದಿಲ್ಲ. ಫೋನನ್ನು ಸಾಮಾನ್ಯವಾಗಿ ಐದು ದಿನಕ್ಕಿಂತ ಜಾಸ್ತಿ ಇಟ್ಟುಕೊಳ್ಳಬಾರದು ಅಂತ ನಿಯಮದಲ್ಲಿ ಬರೆದು, ಬೇಕಾದರೆ ಮುಂದುವರಿಸಬಹುದು ಅಂತಲೂ ಸೇರಿಸಿದ್ದಾರೆ. ಬ್ಯಾಂಕು, ಒಟಿಪಿ, ಮನೆಯ ಬೀಗ ಎಲ್ಲ ಅದರಲ್ಲೇ ಇರುವಾಗ ಐದು ದಿನವೇ ಜಾಸ್ತಿ. ಅದನ್ನು ಒಂದು ದಿನಕ್ಕೆ ಇಳಿಸಲಿ, ಮುಂದುವರಿಸುವ ಮಾತನ್ನು ಪೂರ್ತಿ ತೆಗೆಯಲಿ. ವಾರಂಟ್ ವಿಷಯದಲ್ಲಿ ಮಾತ್ರ ನನಗೆ ಕೊಟ್ಟ ಕಡೆಯಲ್ಲೇ ಇರುತ್ತೇನೆ.