ಮೂರು ನಿಮಿಷದಲ್ಲಿ ಹತ್ತು ಆಲ್ಬಮ್‌ಗೆ ಸ್ಟಾರ್ ಕೊಡೋದು ವಿಮರ್ಶೆ ಅಲ್ಲ

ಬೆಳಗ್ಗೆಯಿಂದ ಸಿಟ್ಟು ಇಳಿದಿಲ್ಲ. ಗೆಳೆಯರೊಬ್ಬರು ಒಂದು ವಿಡಿಯೋ ಕಳಿಸಿದ್ದರು. ‘ಈ ವಾರದ ಹತ್ತು ಹೊಸ ಆಲ್ಬಮ್, ಮೂರೇ ನಿಮಿಷದಲ್ಲಿ’ ಅಂತ. ಹಿಂದೂಸ್ತಾನಿ ಗಾಯನಕ್ಕೆ ‘ಶುರುವಾಗೋಕೇ ತುಂಬಾ ಹೊತ್ತು ಬೇಕು, ಎರಡು ಸ್ಟಾರ್’. ಕನ್ನಡ ರ‍್ಯಾಪ್‌ಗೆ ‘ಟ್ಯೂನೇ ಇಲ್ಲ, ಎರಡೂವರೆ’. ಭಾವಗೀತೆಗೆ ‘ಬೀಟ್ ಕಮ್ಮಿ, ಮೂರು’. ಆ ಭಾವಗೀತೆಗಳನ್ನು ಬರೆದ ಕವಿ ಯಾರು ಅಂತ ಒಂದು ಮಾತೂ ಇಲ್ಲ. ಮಾಡಿದವರ ಹೆಸರು ಇಲ್ಲಿ ಬೇಡ. ಈಗ ಹೆಚ್ಚಿನವರು ಮಾಡ್ತಿರೋದೇ ಇದು.

ಟ್ಯೂನ್ ಬೇಗ ಬಾಯಿಗೆ ಬರಬೇಕು, ಬೀಟ್‌ಗೆ ಕಾಲು ಕುಣಿಯಬೇಕು. ಸಿನಿಮಾ ಹಾಡಿನ ಈ ಅಳತೆಯನ್ನು ಎಲ್ಲದಕ್ಕೂ ಹಿಡಿದರೆ ಹೇಗೆ?

ಹಿಂದೂಸ್ತಾನಿಯಲ್ಲಿ ನಿಧಾನಕ್ಕೆ ಹಾಡುವ ವಿಲಂಬಿತ ಖಯಾಲನ್ನೇ ತಗೊಳ್ಳಿ. ಏಕತಾಳ ಅನ್ನೋ ತಾಳಕ್ಕೆ 12 ಮಾತ್ರೆ, ಅಂದರೆ 12 ಎಣಿಕೆ. ತುಂಬಾ ನಿಧಾನದ ಲಯದಲ್ಲಿ ಒಂದು ಆವರ್ತನ, ಅಂದರೆ ತಾಳದ ಒಂದು ಸುತ್ತು, ಮುಗಿಯೋಕೇ ಮುಕ್ಕಾಲು ನಿಮಿಷ ಬೇಕು, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ. ಗಾಯಕರು ಷಡ್ಜದ, ಅಂದರೆ ಮೂಲ ಸ್ವರ ‘ಸ’ದ ಸುತ್ತಲೇ ಓಡಾಡುತ್ತಾರೆ, ಮುಂದಿನ ಸ್ವರವನ್ನು ಮುಟ್ಟಿದ ಹಾಗೆ ಮಾಡಿ ವಾಪಸ್ ಬರುತ್ತಾರೆ. ತಬಲಾದ ಠೇಕಾ (ತಾಳದ ಪೆಟ್ಟುಗಳು) ಕೊನೆಯ ಮಾತ್ರೆಗಳಿಗೆ ಬಂದಾಗ ಹಾಡಿನ ಮೊದಲ ತುಣುಕಾದ ಮುಖಡಾ ಎತ್ತಿಕೊಂಡು, ಸುತ್ತಿನ ಮೊದಲ ಮಾತ್ರೆಯಾದ ಸಮಕ್ಕೆ ಬಂದು ಇಳಿಯುತ್ತಾರೆ. ಕೂತವರ ತಲೆ ತಾನಾಗೇ ಆಡುತ್ತೆ. ಸ್ಪಾಟಿಫೈ 30 ಸೆಕೆಂಡ್ ಕೇಳಿದರೆ ಒಂದು ಪ್ಲೇ ಅಂತ ಲೆಕ್ಕ ಹಿಡಿಯುತ್ತೆ. ಅಷ್ಟರಲ್ಲಿ ಇಲ್ಲಿ ಒಂದು ಆವರ್ತನವೂ ಮುಗಿದಿರಲ್ಲ. ‘ಶುರುವಾಗಿಲ್ಲ’ ಅಂದವರಿಗೆ ಹೇಳ್ತೀನಿ: ಮೊದಲ ಷಡ್ಜಕ್ಕೇ ಶುರುವಾಗಿದೆ, ನೀವು ಮುಂದಕ್ಕೆ ಓಡಿಸಿದಿರಿ.

ರ‍್ಯಾಪ್ ವಿಷಯದಲ್ಲೂ ಇದೇ ಅನ್ಯಾಯ. ನನ್ನ ವಯಸ್ಸಿನವರು ಅದನ್ನು ಸಂಗೀತವೇ ಅಲ್ಲ ಅಂದಾಗ ನನಗೆ ನಿಜಕ್ಕೂ ಬೇಜಾರಾಗುತ್ತೆ. ಅಲ್ಲಿ ಕೇಳಬೇಕಾದ್ದು ಟ್ಯೂನ್ ಅಲ್ಲ. ಉಸಿರು ಎಲ್ಲಿ ತಗೊಂಡರು, ಮಾತು ಬೀಟ್‌ಗಿಂತ ಒಂದು ಎಳೆ ಹಿಂದೆ ಬಿತ್ತಾ ಮುಂದೆ ಬಿತ್ತಾ, ಪ್ರಾಸ ಸಾಲಿನ ಕೊನೆಗಷ್ಟೇ ಬಂತಾ ಅಥವಾ ನಡುನಡುವೆಯೂ ಸಿಕ್ಕಿತಾ, ಇದನ್ನು ಕೇಳಬೇಕು. ಕನ್ನಡದ ಒತ್ತಕ್ಷರ ಸರಿಯಾಗಿ ಬೀಟ್ ಮೇಲೆ ಬಿದ್ದರೆ ಬರುವ ಪೆಟ್ಟಿಗೆ ಬೇರೆ ಡ್ರಮ್ಮೇ ಬೇಡ. ಹಳೆಗನ್ನಡದ ಕವಿಗಳು ಪ್ರತಿ ಸಾಲಿನ ಎರಡನೇ ಅಕ್ಷರಕ್ಕೆ ಪ್ರಾಸ ಕಟ್ಟುತ್ತಿದ್ದರು. ಈ ಹುಡುಗರು ಬೇರೆ ಜಾಗದಲ್ಲಿ ಕಟ್ಟುತ್ತಿದ್ದಾರೆ. ಅದೂ ಕಸುಬೇ ಅಲ್ವಾ?

ಶಿಶುನಾಳ ಶರೀಫರನ್ನು ಸಿ. ಅಶ್ವಥ್ ಹಾಡಿದ್ದಾರೆ, ರಘು ದೀಕ್ಷಿತ್ 2008ರ ತಮ್ಮ ಮೊದಲ ಆಲ್ಬಮ್‌ನಲ್ಲೂ ಹಾಡಿದ್ದಾರೆ. ಅಶ್ವಥ್ ದನಿಯಲ್ಲಿ ಮಾತಿನ ಭಾರ ಮುಂದೆ ಬರುತ್ತೆ. ರಘು ಹಾಡಿದಾಗ ಗಿಟಾರ್ ಮತ್ತು ಓಟ ಮುಂದೆ ಬರುತ್ತೆ, ಕಾಲೇಜು ಹುಡುಗರು ತತ್ವಪದಕ್ಕೆ ಕುಣಿದದ್ದು ಹಾಗೆ. ಇದರ ಗತಿ ಅದರ ಹಾಗಿರಬೇಕಿತ್ತು, ಅದರ ಗತಿ ಇದರ ಹಾಗಿರಬೇಕಿತ್ತು ಅಂತ ಅಂಕ ಕಡಿದರೆ ಇಬ್ಬರಿಗೂ ಅನ್ಯಾಯ.

ಜಾಜ್ ಮತ್ತು ನಮ್ಮ ಶಾಸ್ತ್ರೀಯ ಸಂಗೀತ ಬೆರೆಸುವ ಶಕ್ತಿ ತಂಡದ ಆಲ್ಬಮ್ ‘ದಿಸ್ ಮೊಮೆಂಟ್’ 2023ರಲ್ಲಿ ಬಂತು. 1977ರ ನಂತರ ಅವರು ಮಾಡಿದ ಮೊದಲ ಸ್ಟುಡಿಯೋ ಆಲ್ಬಮ್. 2024ರಲ್ಲಿ ಗ್ರ್ಯಾಮಿಯೂ ಸಿಕ್ಕಿತು. ಜಾನ್ ಮೆಕ್‌ಲಾಫ್ಲಿನ್ ಗಿಟಾರ್, ಶಂಕರ್ ಮಹದೇವನ್ ಕಂಠ, ಗಣೇಶ್ ರಾಜಗೋಪಾಲನ್ ಪಿಟೀಲು, ಸೆಲ್ವಗಣೇಶ್ ಖಂಜಿರ, ಜಾಕಿರ್ ಹುಸೇನ್ ತಬಲಾ. ಇದಕ್ಕೆ ಯಾವ ಅಳತೆ? ಜಾಜ್‌ದಾ, ಕರ್ನಾಟಕ ಸಂಗೀತದ್ದಾ? ಅದರಲ್ಲಿ ಯಾರು ಯಾರಿಗೆ ಜಾಗ ಬಿಟ್ಟರು ಅನ್ನೋದನ್ನು ಕೇಳಬೇಕು. 2024ರ ಡಿಸೆಂಬರ್‌ನಲ್ಲಿ ಜಾಕಿರ್ ಹೋದ ಸುದ್ದಿ ಬಂದ ರಾತ್ರಿ ಇದನ್ನೇ ಹಾಕಿಕೊಂಡು ಕೂತಿದ್ದೆ. ಖಂಜಿರಕ್ಕೆ ತಬಲಾ ಉತ್ತರ ಕೊಡುವ ಕಡೆ ಅತ್ತುಬಿಟ್ಟೆ. ಅದಕ್ಕೆ ಎಷ್ಟು ಸ್ಟಾರ್ ಅಂತ ಕೇಳಬೇಡಿ.

‘ಜನಕ್ಕೆ ಟೈಮಿಲ್ಲ, ಯಾವುದು ಕೇಳಬೇಕು ಅಂತ ಆರಿಸೋಕೆ ಸ್ಟಾರ್ ಸಹಾಯ ಆಗುತ್ತೆ’ ಅನ್ನೋರಿದ್ದಾರೆ. ಕ್ಯಾಸೆಟ್‌ಗೆ ದುಡ್ಡು ಕೊಡುವ ಕಾಲದಲ್ಲಿ ಆ ಮಾತಿಗೆ ಬೆಲೆ ಇತ್ತು, ತಪ್ಪು ಆರಿಸಿದರೆ ದುಡ್ಡು ಹೋಗುತ್ತಿತ್ತು. ಈಗ ಎಲ್ಲವೂ ಫೋನಿನಲ್ಲೇ ಇದೆ, ಬೇಡ ಅನ್ನಿಸಿದರೆ ನಿಲ್ಲಿಸಬಹುದು. ಈಗ ಬೇಕಿರೋದು ಹೇಗೆ ಕೇಳಬೇಕು ಅಂತ ತೋರಿಸೋರು. ಆ ಅಂಕಗಳಾದರೂ ನಿಲ್ಲುತ್ತವಾ? ದಶಮಾಂಶದವರೆಗೂ ಅಂಕ ಕೊಡುವ ಅಮೆರಿಕದ ಸಂಗೀತ ವಿಮರ್ಶೆಯ ಸೈಟ್ ಪಿಚ್‌ಫೋರ್ಕ್, ಫ್ರಾನ್ಸಿನ ಎಲೆಕ್ಟ್ರಾನಿಕ್ ಜೋಡಿ ಡ್ಯಾಫ್ಟ್ ಪಂಕ್‌ನ ‘ಡಿಸ್ಕವರಿ’ ಆಲ್ಬಮ್‌ಗೆ 2001ರಲ್ಲಿ 10ಕ್ಕೆ 6.4 ಕೊಟ್ಟಿತ್ತು. 2021ರಲ್ಲಿ ಅದನ್ನೇ ತಿದ್ದಿ 10 ಮಾಡಿತು. ಆಲ್ಬಮ್‌ನಲ್ಲಿ ಒಂದು ಸ್ವರವೂ ಬದಲಾಗಿರಲಿಲ್ಲ.

ಹುಬ್ಬಳ್ಳಿಯಲ್ಲಿ ನಮ್ಮ ಕ್ಯಾಸೆಟ್ ಅಂಗಡಿ ಇದ್ದದ್ದು ಹಳಬರಿಗೆ ನೆನಪಿರಬಹುದು. ಹೊಸದೇನು ಬಂದಿದೆ ಅಂತ ಯಾರಾದರೂ ಕೇಳಿದರೆ ಅಪ್ಪ ‘ಮೊದ್ಲ ನೀವು ಏನೇನ್ ಕೇಳೀರಿ, ಅದನ್ನ ಹೇಳ್ರಿ’ ಅನ್ನುತ್ತಿದ್ದರು. ಆಮೇಲೆ ಕವರ್ ತಿರುಗಿಸಿ ತಬಲಾ ಯಾರು, ಹಾರ್ಮೋನಿಯಂ ಯಾರು, ಪದ ಯಾರದು ಅಂತ ಓದಿ ಹೇಳುತ್ತಿದ್ದರು. ಮಲ್ಲಿಕಾರ್ಜುನ ಮನ್ಸೂರರನ್ನು ಕೇಳುವವರಿಗೊಂದು ಮಾತು, ‘ನಿತ್ಯೋತ್ಸವ’ ಕೇಳಿಕೊಂಡು ಬಂದವರಿಗೆ ಇನ್ನೊಂದು ಮಾತು. ಕೌಂಟರ್‌ನ ಟೇಪ್‌ನಲ್ಲಿ ಒಂದು ಹಾಡು ಪೂರ್ತಿ ಹಾಕಿ ಸುಮ್ನೆ ನಿಲ್ಲುತ್ತಿದ್ದರು. ಗಿರಾಕಿ ಕೊಳ್ಳದೆ ಹೋದರೂ ಕೇಳಿಸಿಕೊಂಡು ಹೋಗುತ್ತಿದ್ದ.

ವಿಮರ್ಶೆ ಮಾಡೋರಿಗೆ ನನ್ನ ಬೇಡಿಕೆ ಇಷ್ಟೇ. ಹತ್ತು ಬೇಡ, ವಾರಕ್ಕೆ ಒಂದು ಆಲ್ಬಮ್ ತಗೊಳ್ಳಿ. ಪೂರ್ತಿ ಕೇಳಿ. ನುಡಿಸಿದವರ, ಬರೆದವರ ಹೆಸರು ಹೇಳಿ. ಯಾವ ಹಾಡಿನ ಯಾವ ಜಾಗದಲ್ಲಿ ಏನಾಗುತ್ತೆ ಅಂತ ಹೇಳಿ, ನಾವು ಹೋಗಿ ಕೇಳ್ತೀವಿ. ಇಷ್ಟ ಆಗದಿದ್ದರೆ ಖಂಡಿತ ಬೈಯಿರಿ, ಆದರೆ ಆ ಸಂಗೀತ ಏನು ಮಾಡೋಕೆ ಹೊರಟಿತ್ತೋ ಅದನ್ನು ಹಿಡಿದು ಬೈಯಿರಿ. ನಾನೂ ಈ ಭಾನುವಾರದಿಂದ ಇಲ್ಲೇ ಒಂದೊಂದು ಆಲ್ಬಮ್ ಬಗ್ಗೆ ಬರೀತೀನಿ. ಮೊದಲನೆಯದು ಕನ್ನಡ ರ‍್ಯಾಪ್. ಅದನ್ನು ದಿನಾ ಕೇಳೋರು ಯಾವುದರಿಂದ ಶುರು ಮಾಡಲಿ ಅಂತ ಹೇಳಿ.