ಹತ್ತು ಇಂಚಿನ ಐನ್‌ಮನೆ, ಮುಖ್ಯ ಅತಿಥಿಗಳಿಗೆ ಮಾತ್ರ

ಕೊಡಗಿನಲ್ಲಿ ಈಗ ಸಭೆಗೆ ಮುಖ್ಯ ಅತಿಥಿಯಾಗಿ ಹೋದವರಿಗೆ ಒಂದು ಮನೆ ಸಿಗುತ್ತದೆ. ಹೆಂಚಿನ ಮಾಡು, ಮುಂದೆ ಸಾಲು ಕಂಬ, ಮೆಟ್ಟಿಲು ಎಲ್ಲ ಇರುವ, ಕೊಡವ ಮನೆತನದ ಮೂಲ ಮನೆಯಾದ ಐನ್‌ಮನೆ. ಅಗಲ ಹತ್ತು ಇಂಚು. ಮೇಲೆ ಗಾಜಿನ ಪೆಟ್ಟಿಗೆ. ಕೆಳಗೆ ಹಿತ್ತಾಳೆ ಬಣ್ಣದ ತಗಡು. ತಗಡಿನ ಮೇಲೆ ಅತಿಥಿಯ ಹೆಸರು, ಹೆಸರಿನಲ್ಲಿ ಒಂದು ಕಾಗುಣಿತದ ತಪ್ಪು. ವೇದಿಕೆಯಲ್ಲಿದ್ದವರೆಲ್ಲ ಅದಕ್ಕೆ ಒಂದೊಂದು ಬೆರಳು ತಾಗಿಸಿ, ಫೋಟೋಗ್ರಾಫರ್ 'ಇನ್ನೊಂದು ಸಲ ಸಾರ್' ಅನ್ನುವುದು ನಿಲ್ಲುವವರೆಗೆ ನಗುತ್ತಾ ನಿಲ್ಲುತ್ತಾರೆ. ಒಬ್ಬ ಅಧಿಕಾರಿ ಇಲ್ಲಿ ಎರಡು ವರ್ಷ ಇದ್ದು ವರ್ಗವಾದರೆ ಲಾರಿಯಲ್ಲಿ ಒಂದು ಇಡೀ ಊರನ್ನೇ ತೆಗೆದುಕೊಂಡು ಹೋಗಬಹುದು.

ಅಸಲಿ ಐನ್‌ಮನೆಗಳೂ ಇವೆ. ಹಲವು ಚೆನ್ನಾಗಿಯೇ ಇವೆ. ಕೆಲವಕ್ಕೆ ಮೇಲೆ ಗಾಜಿನ ಪೆಟ್ಟಿಗೆ ಬದಲು ನೀಲಿ ಟಾರ್ಪಾಲ್ ಇದೆ.

ಈ ಹತ್ತು ಇಂಚಿನ ಮನೆಗಳನ್ನು ಮಾಡುವವರಲ್ಲಿ ನಾನೂ ಒಬ್ಬ. ಮೊದಲು ಇದು ಹವ್ಯಾಸವಾಗಿತ್ತು. ಗೊಂಬೆ ಕೂಡಿಸುವುದು, ಗೊಂಬೆಗೆ ಮನೆ ಕಟ್ಟುವುದು, ಮನೆಗೆ ಮಂಚ, ಒಲೆ, ಪಾತ್ರೆ ಮಾಡುವುದು. ನೆಂಟರು ಇದನ್ನು 'ಏನೋ ಸುಮ್ನೆ ಮಾಡ್ತಾನೆ' ಅನ್ನುತ್ತಿದ್ದರು. ಈಗ 'ಪರಂಪರೆ ಉಳಿಸ್ತಾನೆ' ಅನ್ನುತ್ತಾರೆ. ಕೆಲಸ ಅದೇ, ಫೆವಿಕಾಲೂ ಅದೇ.

ಗೊಂಬೆ ಮನೆಗೆ ಒಂದು ಲೆಕ್ಕ ಇರುತ್ತದೆ. ಜಗತ್ತಿನಲ್ಲೆಲ್ಲ ಜಾಸ್ತಿ ನಡೆಯುವುದು ಒಂದಕ್ಕೆ ಹನ್ನೆರಡು. ಅಂದರೆ ನಿಜವಾದ ಮನೆಯ ಒಂದು ಅಡಿಗೆ ಇಲ್ಲಿ ಒಂದು ಇಂಚು. ಅರವತ್ತು ಅಡಿ ಅಗಲದ ಐನ್‌ಮನೆಯನ್ನು ಆ ಲೆಕ್ಕದಲ್ಲಿ ಮಾಡಿದರೆ ಐದು ಅಡಿ ಆಗುತ್ತದೆ. ನೋಡಲು ಚಂದ. ಕಯ್ಯಾಲೆಯ, ಅಂದರೆ ಜಗಲಿಯ, ಕಂಬದ ಕೆತ್ತನೆ ತೋರಿಸಬಹುದು. ಕಂಬಗಳ ನಡುವೆ ಕೂರುವ ಐಮರಕ್ಕೆ ಒಂದೇ ಹಲಗೆ ಇಟ್ಟು, ಅದರ ಮೇಲೆ ಒಬ್ಬ ಅಜ್ಜನನ್ನು ಕೂರಿಸಬಹುದು. ಒಳಗೆ ನೆಲ್ಲಕ್ಕಿ ನಡುಬಾಡೆ ಅನ್ನುವ ನಡುಮನೆಯಲ್ಲಿ ತೂಗುದೀಪ, ನೈಋತ್ಯಕ್ಕೆ ದೇವರ ಕೋಣೆ ಕನ್ನಿ ಕೋಂಬರೆ, ಅಂಗಳದಾಚೆ ಹಿರಿಯರ ಗುಡಿ ಕೈಮಡ, ಎಲ್ಲ ಬರುತ್ತದೆ. ಆದರೆ ಐದು ಅಡಿಯ ಮನೆಯನ್ನು ಮುಖ್ಯ ಅತಿಥಿ ಹಿಡಿದುಕೊಂಡರೆ ಫೋಟೋದಲ್ಲಿ ಮುಖ್ಯ ಅತಿಥಿ ಕಾಣುವುದಿಲ್ಲ. ಹಾಗಾಗಿ ಸಂಘಟಕರು ಅಳತೆಯನ್ನು ಮನೆಯಿಂದ ತೆಗೆದುಕೊಳ್ಳುವುದಿಲ್ಲ, ಇನ್ನೋವಾ ಗಾಡಿಯ ಡಿಕ್ಕಿಯಿಂದ ತೆಗೆದುಕೊಳ್ಳುತ್ತಾರೆ. ಸೂಟ್‌ಕೇಸು, ಕಾಫಿಪುಡಿ ಚೀಲ, ಕಿತ್ತಳೆ ಬುಟ್ಟಿ ಇಟ್ಟ ಮೇಲೆ ಎಷ್ಟು ಜಾಗ ಉಳಿಯುತ್ತದೋ ಅಷ್ಟೇ ನಮ್ಮ ಪರಂಪರೆ. ಹತ್ತು ಇಂಚು.

ಅರವತ್ತು ಅಡಿಯನ್ನು ಹತ್ತು ಇಂಚಿಗೆ ಇಳಿಸಿದರೆ ಲೆಕ್ಕ ಒಂದಕ್ಕೆ ಎಪ್ಪತ್ತೆರಡಾಗುತ್ತದೆ. ಮಾದರಿ ವಿಮಾನ ಮಾಡುವವರು ಬಳಸುವ ಅಳತೆ ಅದು. ಆ ಮನೆಯ ಪಟ್ಟೆದಾರನ, ಅಂದರೆ ಹಿರಿಯ ಯಜಮಾನನ, ಎತ್ತರ ಒಂದು ಇಂಚೂ ಇಲ್ಲ. ಮಂಗಳೂರು ಹೆಂಚು ಅಕ್ಕಿಕಾಳಿನಷ್ಟು. ಅಷ್ಟು ಸಣ್ಣ ಹೆಂಚನ್ನು ಒಂದೊಂದಾಗಿ ಅಂಟಿಸಲು ಯಾರಿಗೂ ಪುರುಸೊತ್ತಿಲ್ಲ. ರಟ್ಟಿನ ಡಬ್ಬದ ಮೇಲಿನ ಹಾಳೆ ಒದ್ದೆ ಮಾಡಿ ಸಿಪ್ಪೆ ತೆಗೆದಂತೆ ಎಳೆದರೆ ಒಳಗೆ ಏಣು ಏಣಾದ ಹಾಳೆ ಸಿಗುತ್ತದೆ. ಅದನ್ನು ಸಣ್ಣ ಪಟ್ಟಿಯಾಗಿ ಕತ್ತರಿಸಿ, ಕೆಳಗಿನಿಂದ ಮೇಲಕ್ಕೆ ಒಂದರ ಮೇಲೊಂದು ಸ್ವಲ್ಪ ಹೊದೆಸಿ ಅಂಟಿಸಬೇಕು. ಮೇಲೆ ರೆಡ್ ಆಕ್ಸೈಡ್. ಒಣಗಿದ ಮೇಲೆ ಹಳೆ ಟೂತ್‌ಬ್ರಶ್ಶಿನಿಂದ ಅಲ್ಲಲ್ಲಿ ಕಪ್ಪು ಹಾರಿಸಿದರೆ ಪಾಚಿ ಕಟ್ಟಿದಂತೆ ಕಾಣುತ್ತದೆ. ಕಂಬಕ್ಕೆ ಕಾಫಿ ಗಿಡದ ಕಡ್ಡಿ ಒಳ್ಳೆಯದು, ಗಟ್ಟಿ, ಬಾಗುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾತ್ರ ಈ ಕೆಲಸಕ್ಕೆ ಕೈ ಹಾಕಬಾರದು. ಅಂಟು ಒಣಗುವುದಿಲ್ಲ, ರಟ್ಟಿಗೆ ಬೂಷ್ಟು ಬರುತ್ತದೆ, ಗೋಡೆ ಉಬ್ಬುತ್ತದೆ. ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟು ಕಾಯಿಸಬೇಕು.

ಪಾಚಿ ಹಾರಿಸಿದ ಒಂದು ಮನೆಯನ್ನು ಸಂಘಟಕರೊಬ್ಬರು ತಿರುಗಿಸಿ ತಿರುಗಿಸಿ ನೋಡಿದರು. 'ಸ್ವಲ್ಪ ಹಳೇದಾಯ್ತಲ್ವಾ?' ಅಂದರು. ಐನ್‌ಮನೆ ಹಳೆಯದೇ ಇರುತ್ತದಲ್ಲ ಅಂದೆ. 'ಹಳೇದಿರ್ಲಿ, ಆದ್ರೆ ಹೊಸದಾಗಿ ಕಾಣ್ಲಿ' ಅಂದರು. ಇಡೀ ಜಿಲ್ಲೆಯ ಪ್ರವಾಸೋದ್ಯಮ ನೀತಿಯನ್ನು ಇಷ್ಟು ಚಿಕ್ಕದಾಗಿ ಹೇಳಿದವರನ್ನು ನಾನು ಬೇರೆ ನೋಡಿಲ್ಲ. ಹಾಗಾದರೆ ನಿಜ ತೋರಿಸೋಣ, ಒಂದು ಮೂಲೆಗೆ ಟಾರ್ಪಾಲ್ ಹಾಕಲಾ ಅಂತ ಕೇಳಿದೆ. ನೀಲಿ ಪ್ಲಾಸ್ಟಿಕ್ ಕೈಯಲ್ಲೇ ಇತ್ತು. ಅವರು ನಗಲಿಲ್ಲ.

ನಿಜವಾದ ಮನೆಗೆ ಟಾರ್ಪಾಲ್ ಹಾಕಿದವರ ಕಷ್ಟವೂ ನನಗೆ ಗೊತ್ತು. ಐನ್‌ಮನೆ ಅಂದರೆ ಇಡೀ ಒಕ್ಕದ್ದು, ಮನೆತನದ್ದು. ಎಲ್ಲರದೂ ಹೌದು, ಹಾಗಾಗಿ ಹೆಂಚು ಬದಲಿಸುವ ದಿನ ಯಾರದೂ ಅಲ್ಲ. ಒಕ್ಕದ ವಾಟ್ಸಾಪ್ ಗುಂಪಿನಲ್ಲಿ ಬೆಂಗಳೂರಿನವರು ಹೆಂಚೇ ಬೇಕು ಅನ್ನುತ್ತಾರೆ. ದುಬೈಯವರು ತಗಡು ಸಾಕು ಅನ್ನುತ್ತಾರೆ. ಕೆನಡಾದವರು ಒಂದು ವಿಡಿಯೋ ಕಳಿಸುತ್ತಾರೆ, ಸ್ವಿಟ್ಜರ್‌ಲ್ಯಾಂಡಿನ ಮರದ ಮನೆಯದು. ಊರಲ್ಲಿರುವ ಪಟ್ಟೆದಾರರು ಏನೂ ಅನ್ನುವುದಿಲ್ಲ, ಯಾಕೆಂದರೆ ಅವರು ಆ ಹೊತ್ತಿಗೆ ಸೋರುವ ಜಾಗದ ಕೆಳಗೆ ಬಕೆಟ್ ಇಡುತ್ತಿರುತ್ತಾರೆ. ಅದೇ ಗುಂಪಿಗೆ ಹತ್ತು ಇಂಚಿನ ಮನೆಯ ಫೋಟೋ ಹಾಕಿ ನೋಡಿ. ಎಲ್ಲರಿಂದಲೂ ಹೃದಯದ ಚಿಹ್ನೆ. ಒಬ್ಬರಿಗೂ ಭಿನ್ನಾಭಿಪ್ರಾಯ ಇಲ್ಲ.

ಗೊಂಬೆಯದು ಇನ್ನೊಂದು ಕಥೆ. ಮನೆಯ ಮುಂದೆ ಕೊಡವ ದಂಪತಿ ನಿಲ್ಲಬೇಕು ಅಂತ ಬೇಡಿಕೆ ಬಂತು. ಗಂಡಿಗೆ ಕುಪ್ಯ ಅನ್ನುವ ನಿಲುವಂಗಿ, ಸೊಂಟಕ್ಕೆ ಕೆಂಪು ಚೇಲೆ, ಅದರಲ್ಲಿ ಸಿಕ್ಕಿಸಿದ ಪೀಚೆಕತ್ತಿ. ಹೆಣ್ಣಿಗೆ ಸೀರೆ. ಕೊಡವ ಸೀರೆಯ ನೆರಿಗೆ ಹಿಂದೆ ಇರುತ್ತದೆ. ಬಲಮುರಿಯಲ್ಲಿ ಕಾವೇರಿ ಹರಿದ ರಭಸಕ್ಕೆ ಹೆಂಗಸರ ನೆರಿಗೆ ಹಿಂದಕ್ಕೆ ಹೋಯಿತು ಅನ್ನುವ ಕಥೆ ಇಲ್ಲಿ ಮಕ್ಕಳಿಗೂ ಗೊತ್ತು. ನಾನು ಹಾಗೇ ಉಡಿಸಿದೆ. ಸಮಿತಿಯಲ್ಲಿ ಚರ್ಚೆ ಆಯಿತು. ಗೊಂಬೆಯನ್ನು ಗೋಡೆಗೆ ಒತ್ತಿ ಶೋಕೇಸಿನಲ್ಲಿ ಇಡುತ್ತಾರೆ, ಹಿಂದಿನ ನೆರಿಗೆ ಯಾರಿಗೆ ಕಾಣುತ್ತದೆ? ಅಷ್ಟು ಖರ್ಚು ಮಾಡಿ ಕಾಣದಿದ್ದರೆ ಹೇಗೆ? ಮುಂದೆ ಹಾಕಿ ಅಂದರು. ಕಾವೇರಮ್ಮನೇ ಹಿಂದಕ್ಕೆ ತಳ್ಳಿದ ನೆರಿಗೆಯನ್ನು ಸಮಿತಿ ಹೀಗೆ ಸರ್ವಾನುಮತದಿಂದ ಮುಂದಕ್ಕೆ ತಂದಿತು. ಗೋಡೆಯ ಮೇಲಿನ ಒಡಿಕತ್ತಿ ಅನ್ನುವ ಅಗಲ ಕತ್ತಿಯೂ ದೂರದಿಂದ ಕಾಣಬೇಕಂತೆ. ದೊಡ್ಡದು ಮಾಡಿದೆ. ಈಗ ಆ ಕತ್ತಿ ಬಾಗಿಲಿಗಿಂತ ಉದ್ದ. ಅದನ್ನು ಹಿಡಿಯಬಲ್ಲ ಮನುಷ್ಯ ಆ ಮನೆಯೊಳಗೆ ಹೋಗಲಾರ, ಹೋದರೆ ಎದ್ದು ನಿಲ್ಲಲಾರ.

ಕಾನೂನನ್ನೂ ನೋಡಬೇಕಲ್ಲ. 2021ರ ಜನವರಿ 1ರಿಂದ, 14 ವರ್ಷದೊಳಗಿನ ಮಕ್ಕಳು ಆಡುವ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ಹೆಸರು ನೋಂದಾಯಿಸಿದ ಕುಶಲಕರ್ಮಿಗಳಿಗೆ ವಿನಾಯಿತಿ ಇದೆ. ಈ ವಿಷಯ ತಿಳಿದ ಒಬ್ಬ ಖಜಾಂಚಿ ನನ್ನನ್ನು ಕೂರಿಸಿಕೊಂಡು ವಿಚಾರಣೆ ಮಾಡಿದರು. ಇದು ಆಟಿಕೆಯಾ? ಅಲ್ಲ ಸಾರ್. ಇದರ ಜೊತೆ ಯಾರಾದರೂ ಆಟ ಆಡ್ತಾರಾ? ದೊಡ್ಡವರು ಮಾತ್ರ ಸಾರ್. ಹಾಗಾದರೆ ತೊಂದರೆ ಇಲ್ಲ ಅಂತ ಬಿಲ್ ಪಾಸು ಮಾಡಿದರು. ಕೊರಿಯರಿನವರು ಅಷ್ಟು ಸುಲಭಕ್ಕೆ ಬಿಡಲಿಲ್ಲ. ಪೆಟ್ಟಿಗೆಯಲ್ಲಿ ಆಯುಧ ಇದೆಯಾ ಅಂತ ಫಾರಂನಲ್ಲಿ ಒಂದು ಪ್ರಶ್ನೆ. ಪೀಚೆಕತ್ತಿ ಇದೆ ಅಂದುಬಿಟ್ಟೆ. ಕೋವಿ ಇಟ್ಟುಕೊಳ್ಳಲು ಕೊಡವರಿಗೆ ಲೈಸೆನ್ಸಿನಿಂದ ವಿನಾಯಿತಿ ಇದೆ. ಕೊಡವ ಗೊಂಬೆಗೆ ಟೂತ್‌ಪಿಕ್ಕಿನ ಕತ್ತಿಗೂ ಇಲ್ಲ.

ಇದಕ್ಕಿಂತ ದೊಡ್ಡ ಅಡ್ಡಿ ಸುತ್ತೋಲೆಯದು. 2021ರ ಆಗಸ್ಟ್‌ನಲ್ಲಿ ರಾಜ್ಯ ಸರ್ಕಾರ, ಸರ್ಕಾರಿ ಸಮಾರಂಭಗಳಲ್ಲಿ ಹಾರ, ತುರಾಯಿ, ಶಾಲು, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ ಏನೂ ಕೊಡಬೇಡಿ, ಬೇಕಾದರೆ ಕನ್ನಡ ಪುಸ್ತಕ ಕೊಡಿ ಅಂತ ಹೇಳಿತು. ಒಳ್ಳೆಯ ಮಾತು. ಆದರೆ ಪುಸ್ತಕ ಕೊಟ್ಟರೆ ಅತಿಥಿ ಅದನ್ನು ಓದಿಬಿಡುವ ಅಪಾಯ ಇದೆ. ನಮ್ಮಲ್ಲೊಬ್ಬ ಬುದ್ಧಿವಂತ ಕಾರ್ಯದರ್ಶಿ ದಾರಿ ಹುಡುಕಿದರು. ಐನ್‌ಮನೆಯೊಳಗೆ ಉಗುರಿನಷ್ಟು ಒಂದು ಕನ್ನಡ ಪುಸ್ತಕ ಇಡುವುದು. ಆಗ ಕೊಟ್ಟದ್ದು ಪುಸ್ತಕ, ಮನೆ ಬರೀ ಅದರ ಹೊದಿಕೆ. ನಾನು ಪುಟ್ಟ ಹಾಳೆ ಹೊಲಿದು ಪುಸ್ತಕ ಮಾಡಿಕೊಟ್ಟೆ. ಒಳಗೆ ಏನು ಬರೆಯಲಿ ಅಂತ ಕೇಳಿದರೆ, 'ಏನೂ ಬೇಡ, ಯಾರು ತೆಗೀತಾರೆ' ಅಂದರು.

ಈ ಉಪಾಯ ಹೊಸದು ಅಂತ ಆ ಕಾರ್ಯದರ್ಶಿ ಹೆಮ್ಮೆಪಟ್ಟರು. ಬ್ರಿಟನ್ನಿನ ಕ್ವೀನ್ ಮೇರಿಯ ಗೊಂಬೆ ಮನೆಯಲ್ಲಿ 1924ರಲ್ಲೇ ಒಂದು ಗ್ರಂಥಾಲಯ ಇತ್ತು. ಆ ಕಾಲದ ಲೇಖಕರು ಅದಕ್ಕಾಗಿ ಪುಟಾಣಿ ಪುಸ್ತಕಗಳನ್ನು ಕೈಯಾರೆ ಬರೆದುಕೊಟ್ಟಿದ್ದರು. ಮನೆಯ ನಕ್ಷೆ ಹಾಕಿದವರು ನವದೆಹಲಿ ಕಟ್ಟಿದ ಲುಟ್ಯೆನ್ಸ್. ಒಂದಕ್ಕೆ ಹನ್ನೆರಡರ ಲೆಕ್ಕ. ವಿದ್ಯುತ್ ದೀಪ, ಓಡುವ ಲಿಫ್ಟ್, ನೆಲಮಾಳಿಗೆಯಲ್ಲಿ ನಿಜವಾದ ವೈನ್ ತುಂಬಿದ ಬಾಟಲಿ. ನಲ್ಲಿ ತಿರುಗಿಸಿದರೆ ನೀರು ಬರುವಂತೆ ಮಾಡಿದ್ದರು. ಕಾವೇರಿ ಹುಟ್ಟುವ ಜಿಲ್ಲೆಯಲ್ಲಿ ಏಪ್ರಿಲ್ ತಿಂಗಳು ಟ್ಯಾಂಕರ್ ಕಾಯುವವರು ಈ ಸಾಲನ್ನು ಬಿಟ್ಟು ಓದಿ.

ಬ್ರಿಟಿಷ್ ರಾಣಿಯರಿಗೆ ಗೊಂಬೆ ಹುಚ್ಚು ಮೊದಲಿನಿಂದಲೂ ಇತ್ತು. ವಿಕ್ಟೋರಿಯಾ ಚಿಕ್ಕವಳಿದ್ದಾಗ ಅವಳ ಹತ್ತಿರ 132 ಮರದ ಗೊಂಬೆಗಳಿದ್ದವು. ಒಂದೊಂದಕ್ಕೂ ಹೆಸರು, ಬಟ್ಟೆ. ದೊಡ್ಡವಳಾದ ಮೇಲೂ ಆ ಆಸೆ ಹೋಗಲಿಲ್ಲವೇನೋ. 1852ರಲ್ಲಿ ಕೊಡಗಿನ ಕೊನೆಯ ರಾಜ ಚಿಕ್ಕವೀರರಾಜೇಂದ್ರನ ಮಗಳು ಗೌರಮ್ಮನಿಗೆ ಲಂಡನ್ನಿನಲ್ಲಿ ಕ್ರೈಸ್ತ ದೀಕ್ಷೆ ಕೊಡಿಸಿ, ತನ್ನದೇ ಹೆಸರಿಟ್ಟು, ಬಟ್ಟೆ ತೊಡಿಸಿ, ಚಿತ್ರ ಬರೆಸಿ ಇಟ್ಟುಕೊಂಡಳು. ಕೊಡಗಿನಿಂದ ಹೋದ ಮೊದಲ ನೆನಪಿನ ಕಾಣಿಕೆ ಯಾವುದು ಅಂತ ಯಾರಾದರೂ ಕೇಳಿದರೆ ನಾನು ಸುಮ್ಮನಾಗುತ್ತೇನೆ.

ಹಾಗಂತ ಕೊಡಗಿಗೆ ಗೊಂಬೆ ಗೊತ್ತಿಲ್ಲ ಅಂತಲ್ಲ. ಅಕ್ಟೋಬರ್‌ನಲ್ಲಿ ಕಾವೇರಿ ಸಂಕ್ರಮಣಕ್ಕೆ ಮನೆಮನೆಯಲ್ಲಿ ಸೌತೆಕಾಯಿಗೋ ತೆಂಗಿನಕಾಯಿಗೋ ಕೆಂಪು ರೇಷ್ಮೆ ಸುತ್ತಿ, ಒಡವೆ ಹಾಕಿ, ತಟ್ಟೆಯ ಅಕ್ಕಿಯ ಮೇಲೆ ಕೂರಿಸಿ ಕಣಿ ಮಾಡುತ್ತಾರೆ. ಕಾವೇರಿ ಅಂದರೆ ಅದೇ. ಮಾಡಲು ಕೋರ್ಸ್ ಬೇಡ, ಕಿಟ್ ಬೇಡ. ದೇವರಕಾಡಿನಲ್ಲಿ ಅಯ್ಯಪ್ಪನಿಗೆ ಮಣ್ಣಿನ ನಾಯಿ ಹರಕೆ ಕೊಡುತ್ತಾರೆ. ಕಾಡಿನ ಮಳೆಯಲ್ಲಿ ಆ ನಾಯಿಗಳು ಕಿವಿ ಮುರಿದು, ಪಾಚಿ ಹಿಡಿದು ಹಾಗೇ ಕೂತಿರುತ್ತವೆ. ಕೊಟ್ಟವರ ಹೆಸರಿನ ತಗಡು ಯಾವ ನಾಯಿಯ ಕೆಳಗೂ ಇಲ್ಲ. ನನ್ನ ಕೇಳಿದರೆ ಜಿಲ್ಲೆಯ ಒಳ್ಳೆಯ ಕೈಕೆಲಸ ಅದೇ. ಆದರೆ ಅಂಗಡಿಗೆ ಹೋಗಿ 'ಕೂರ್ಗ್ ಕರಕುಶಲ' ಅಂತ ಕೇಳಿ ನೋಡಿ. ಚನ್ನಪಟ್ಟಣದ ಮರದ ಗೊಂಬೆ ತೆಗೆದುಕೊಡುತ್ತಾರೆ. ಆ ಊರಿನದೇ ಅಂತ ಭೌಗೋಳಿಕ ಸೂಚಕ ಸಿಕ್ಕಿದ ಗೊಂಬೆ, ಪಾಪ, ಯಾವ ಭೂಗೋಳದಲ್ಲಿ ಇದ್ದೇನೆ ಅಂತ ಅದಕ್ಕೇ ಗೊತ್ತಿಲ್ಲ.

ಮಡಿಕೇರಿ ದಸರಾದ ಗೊಂಬೆಗಳನ್ನು ಮಾತ್ರ ಸಣ್ಣದು ಅನ್ನುವಂತಿಲ್ಲ. ವಿಜಯದಶಮಿಯ ರಾತ್ರಿ ಹತ್ತು ಮಂಟಪ, ಅಂದರೆ ಅಲುಗಾಡುವ ಗೊಂಬೆಗಳ ಗಾಡಿ, ಹೊರಡುತ್ತವೆ. ರಾಕ್ಷಸ ಎದ್ದು ನಿಲ್ಲುತ್ತಾನೆ, ದೇವಿ ತ್ರಿಶೂಲ ಎತ್ತುತ್ತಾಳೆ, ನಾವು ಸ್ವೆಟರ್ ಹಾಕಿಕೊಂಡು ಬೆಳಗಿನವರೆಗೆ ಬಾಯಿ ಬಿಟ್ಟು ನೋಡುತ್ತೇವೆ. ಅದರ ಹಿಂದಿನ ವಾರ ರಸ್ತೆಗುಂಡಿ ಮುಚ್ಚಲು ಓಡಾಟ ಶುರುವಾಗುತ್ತದೆ. ಮಂಟಪ ವಾಲಿದರೆ ಕೈಯಿಂದ ತ್ರಿಶೂಲ ಬೀಳಬಹುದಲ್ಲ. ಉಳಿದ ದಿನಗಳಲ್ಲಿ ಆ ರಸ್ತೆಯಲ್ಲಿ ಹೋಗುವುದು ಬರೀ ಮನುಷ್ಯರು.

ರೈಲನ್ನೂ ನಾವು ಹೀಗೇ ಪಡೆದೆವು. ಕೊಡಗಿನಲ್ಲಿ ರೈಲು ಮಾರ್ಗ ಇಲ್ಲ. ಕುಶಾಲನಗರಕ್ಕೆ ಬರುತ್ತದೆ ಅಂತ ಸರ್ವೆ, ಮನವಿ, ವಿರೋಧ, ಮತ್ತೆ ಸರ್ವೆ ನಡೆಯುತ್ತಲೇ ಇದೆ. ಅಷ್ಟರಲ್ಲಿ ಮಡಿಕೇರಿಯ ರಾಜಾಸೀಟ್ ಉದ್ಯಾನದ ಹತ್ತಿರ ಮಕ್ಕಳಿಗೆ ಪುಟಾಣಿ ರೈಲು ಬಂತು. ಅದೂ ಓಡಿತು ಅನ್ನುವುದಕ್ಕಿಂತ ಕೆಟ್ಟು ನಿಂತಿತು ಅನ್ನುವ ಸುದ್ದಿಯನ್ನೇ ನಾವು ಜಾಸ್ತಿ ಓದಿದ್ದೇವೆ.

ಮೊನ್ನೆ ಹೊಸ ಆರ್ಡರ್ ಬಂದಿದೆ. ಐನ್‌ಮನೆ ಎಲ್ಲರ ಮನೆಯಲ್ಲೂ ಆಯಿತು, ಈ ಸಲ ಅಭಿವೃದ್ಧಿ ಕಾಣುವಂಥದ್ದು ಕೊಡೋಣ, ಕುಶಾಲನಗರ ರೈಲು ನಿಲ್ದಾಣ ಮಾಡಿಕೊಡಿ ಅಂದರು. ಪ್ಲಾಟ್‌ಫಾರಂ, ಟಿಕೆಟ್ ಕೌಂಟರ್, ಮೂಟೆ ಹೊತ್ತ ಹಮಾಲಿ, ಎಲ್ಲ ಇರಬೇಕಂತೆ. ಒಪ್ಪಿಕೊಂಡೆ. ಐನ್‌ಮನೆಯಾದರೆ ಕಂಬ ಒಂದು ಕಮ್ಮಿಯಾಯಿತು, ಮೆಟ್ಟಿಲು ಜಾಸ್ತಿಯಾಯಿತು ಅಂತ ಆ ಒಕ್ಕದವರು ಫೋನ್ ಮಾಡುತ್ತಾರೆ. ಇದರಲ್ಲಿ ಆ ತಲೆನೋವಿಲ್ಲ. ಅಳತೆ ತಪ್ಪಿದೆ ಅನ್ನಬೇಕಾದರೆ ಅವರು ಮೊದಲು ಅಸಲಿಯನ್ನು ತೋರಿಸಬೇಕು. ಅಡ್ವಾನ್ಸ್ ಕೊಟ್ಟಿದ್ದಾರೆ. ಬೋರ್ಡಿನ ಮೇಲೆ ರೈಲು ಬರುವ ಸಮಯ ಏನು ಬರೆಯಲಿ ಅಂತ ಕೇಳಿ ಮೆಸೇಜ್ ಹಾಕಿದ್ದೇನೆ, ಎರಡು ನೀಲಿ ಗೆರೆ ಬಿದ್ದಿವೆ, ಉತ್ತರ ಬಂದಿಲ್ಲ.