ಕೆಮ್ಮಣ್ಣು ಇರುವಾಗ ಸ್ಯಾಟಿನ್ ಪರದೆ ಯಾಕೆ?

ಹದಿನಾಲ್ಕು ವರ್ಷದಿಂದ ಪುಣೆಯಲ್ಲಿದ್ದೇನೆ. ಊರು ಸಾಗರದ ಹತ್ತಿರ. ವರ್ಷಕ್ಕೆ ಒಂದೆರಡು ಮದುವೆಗಾದರೂ ಊರಿಗೆ ಬರುತ್ತೇನೆ. ಬಂದಾಗಲೆಲ್ಲ ಒಂದು ವಿಷಯ ಮನಸ್ಸಿಗೆ ಚುಚ್ಚುತ್ತದೆ. ನಮ್ಮ ಮದುವೆ ಮಂಟಪದಲ್ಲಿ ನಮ್ಮ ಬಣ್ಣವೇ ಕಾಣಿಸುವುದಿಲ್ಲ.

ನನ್ನ ತಮ್ಮನ ಮದುವೆ ಫೋಟೋ ನೋಡಿದರೆ ಗೊತ್ತಾಗುತ್ತದೆ. ಶಿವಮೊಗ್ಗದ ಒಂದು ಛತ್ರ. ಹಿಂದೆ ನೇರಳೆ ಸ್ಯಾಟಿನ್ ಪರದೆ, ಪಕ್ಕದಲ್ಲಿ ಥರ್ಮಾಕೋಲ್ ನವಿಲು, ಮೇಲಿಂದ ನೀಲಿ ಲೈಟು. ಮದುಮಗಳು ಉಟ್ಟಿದ್ದೂ ನೇರಳೆ ಧಾರೆ ಸೀರೆ. ಪರದೆಯೊಳಗೆ ಅವಳು ಕರಗಿಯೇ ಹೋಗಿದ್ದಾಳೆ. ಕಾಣೋದು ಮುಖ ಮತ್ತು ಕೈ ಮಾತ್ರ. ಡೆಕೊರೇಷನ್‌ನವರಿಗೆ ಸೀರೆ ಬಣ್ಣ ಯಾರೂ ಹೇಳಿರಲಿಲ್ಲ. ಹೇಳಬೇಕು ಅಂತ ನಮಗೂ ಹೊಳೆದಿರಲಿಲ್ಲ.

ಪುಣೆಯಲ್ಲಿ ಪಕ್ಕದ ಮನೆ ಹುಡುಗಿಯ ಮದುವೆಗೆ ಅವಳ ಅಮ್ಮ ನಾಲ್ಕು ತಿಂಗಳು ಮೊದಲೇ ಒಂದು ರಟ್ಟಿನ ತುಂಡು ಇಟ್ಟುಕೊಂಡಿದ್ದರು. ಅದರ ಮೇಲೆ ಹಳದಿ ಸೀರೆಯ ಒಂದು ಚೂರು, ಬಳೆಯ ಹಸಿರಿನ ದಾರ, ಚೆಂಡು ಹೂವಿನ ಬಣ್ಣದ ಬಟ್ಟೆ. ಹಸಿರು ಬಳೆ, ಹಳದಿ ಸೀರೆ ಮರಾಠಿ ಮದುಮಗಳಿಗೆ ಹಿಂದಿನಿಂದ ಬಂದದ್ದೇ. ಹೂವಿನವನು, ಕಾರ್ಡು ಅಚ್ಚು ಹಾಕುವವನು, ಮಂಟಪದವನು, ಎಲ್ಲರ ಕೈಗೂ ಆ ರಟ್ಟು ಹೋಯಿತು. ಮದುವೆ ದಿನ ಬೇರೆ ಬಣ್ಣಕ್ಕೆ ಜಾಗವೇ ಇರಲಿಲ್ಲ. ಹುಡುಗಿಯ ಹಣೆಯ ಮುತ್ತಿನ ಮುಂಡಾವಳಿ ಕೊನೇ ಸಾಲಿಗೂ ಕಾಣುತ್ತಿತ್ತು. ಅಲ್ಲಿ ಎಲ್ಲರೂ ಹೀಗೆ ಅಂತಲ್ಲ. ತಿಳಿ ಗುಲಾಬಿ ಪರದೆ ಇಳಿಬಿಟ್ಟು, ಯಾವ ಊರಿನ ಮದುವೆ ಅಂತಲೇ ತಿಳಿಯದ ಹಾಗೆ ಮಾಡುವವರು ಅಲ್ಲೂ ಇದ್ದಾರೆ.

ನಾವು ಅವರಿಂದ ಕಲಿಯಬೇಕಾದದ್ದು ಆ ರಟ್ಟು. ಬಣ್ಣ ನಮ್ಮಲ್ಲೇ ಇದೆ.

ನಮ್ಮ ದೀವರ ಸಮುದಾಯದ ಮನೆಗಳಲ್ಲಿ ಮದುವೆ ಅಂದರೆ ಮೊದಲು ಹಸೆಗೋಡೆ. ಗೋಡೆಗೆ ಕೆಮ್ಮಣ್ಣು ಸಾರಿಸಿ ಹೆಂಗಸರು ಚಿತ್ತಾರ ಬರೆಯುತ್ತಾರೆ. ನೆನೆಸಿ ಅರೆದ ಅಕ್ಕಿಯ ಬಿಳಿ, ಗುರಿಗೆ ಕಾಯಿಯ ಹಳದಿ, ಸುಟ್ಟ ಅಕ್ಕಿಯ ಕಪ್ಪು. ಕುಂಚ ಪುಂಡಿ ನಾರಿನದು. ಬರೆಯುವಾಗ ಹಾಡು ಇರಲೇಬೇಕು. ನಾಲ್ಕೇ ಬಣ್ಣ, ಅದರಲ್ಲೇ ಇಡೀ ಮನೆ ಮದುವೆ ಮನೆ ಆಗುತ್ತಿತ್ತು. ಛತ್ರಕ್ಕೆ ಹೋದ ಮೇಲೆ ಗೋಡೆಯೂ ಹೋಯಿತು, ಬಣ್ಣವೂ ಹೋಯಿತು.

ಹೋದ ವರ್ಷ ತಂಗಿ ಮಗಳ ಮದುವೆಗೆ ನಾನೂ ಒಂದು ರಟ್ಟು ಮಾಡಿದೆ. ದೊಡ್ಡಮ್ಮ ಅದರ ಮೇಲೆ ಕೆಮ್ಮಣ್ಣು ಬಳಿದು, ಒಣಗಿದ ಮೇಲೆ ಬಿಳಿಯ ಎರಡು ಎಳೆ, ಹಳದಿಯ ಒಂದು ಬೊಟ್ಟು ಇಟ್ಟುಕೊಟ್ಟರು. ಅದನ್ನು ಹಿಡಿದುಕೊಂಡೇ ಸೀರೆ ಅಂಗಡಿಗೆ ಹೋದೆವು. ಕೆಂಪು ಅಂಚಿನ ಬಿಳಿ ಸೀರೆ ಸಿಕ್ಕಿತು. ಛತ್ರದ ಹಸಿರು ಗೋಡೆ ಮುಚ್ಚಲು ಬಿದಿರು ತಟ್ಟಿ ತರಿಸಿ ಕೆಮ್ಮಣ್ಣು ಬಳಿಸಿದೆವು. ಊರಿನ ಐದು ಜನ ಹೆಂಗಸರು ಮೂರು ದಿನ ಕೂತು ಬರೆದರು. ಅವರಿಗೆ ಕೂಲಿ ಕೊಟ್ಟೆವು, ಡೆಕೊರೇಷನ್‌ನವರಿಗೆ ಕೊಡುವಷ್ಟೇ. ಚಿತ್ತಾರವನ್ನು ಫ್ಲೆಕ್ಸ್ ಮೇಲೆ ಪ್ರಿಂಟ್ ಹೊಡೆಸಿ ತೂಗು ಹಾಕುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಬರೆಯುವ ಕೈಗಳು ಇನ್ನೂ ಇವೆ, ಅಲ್ವಾ?

ಉಳಿದದ್ದು ಸುಲಭ. ಕಂಬಕ್ಕೆ ಅಡಿಕೆ ಸಿಂಗಾರ, ಬಾಗಿಲಿಗೆ ಮಾವಿನ ತೋರಣ. ಬಾಸಿಂಗ ನಮ್ಮ ಕಡೆಯ ಕುಶಲಕರ್ಮಿಗಳಾದ ಗುಡಿಗಾರರು ಬೆಂಡಿನಲ್ಲಿ ಮಾಡಿದ್ದು. ಮಳೆಗಾಲದ ಬಾಗಿಲಲ್ಲಿ ಮದುವೆ ಇದ್ದಿದ್ದರಿಂದ ಜಡೆಗೆ ಸೀತಾಳೆ ದಂಡೆಯೂ (ಮರದ ಮೇಲೆ ಬೆಳೆಯುವ ಆರ್ಕಿಡ್ ಹೂವು) ಸಿಕ್ಕಿತು. ಆ ತಿಳಿ ನೇರಳೆ ನಮ್ಮ ರಟ್ಟಿನಲ್ಲಿ ಇರಲಿಲ್ಲ. ಆದರೂ ಬೇಡ ಅನ್ನಲಿಲ್ಲ. ಮಲೆನಾಡಿನ ಹುಡುಗಿಗೆ ಸೀತಾಳೆ ಬೇಡ ಅನ್ನೋಕೆ ಆಗುತ್ತಾ?

ನಾನು ಹಠ ಹಿಡಿದದ್ದು ಲೈಟಿಗೆ ಮಾತ್ರ. ಬೆಳ್ಳಗಿನ ಎಲ್‌ಇಡಿ ಕೆಳಗೆ ಕೆಮ್ಮಣ್ಣು ಸತ್ತ ಹಾಗೆ ಕಾಣುತ್ತದೆ. ಛತ್ರದವರು ಹಿಂದಿನ ರಾತ್ರಿ ಹಳದಿ ಬೆಳಕಿನ ಬಲ್ಬು ಹಾಕಿಕೊಟ್ಟರು. ಬೆಳಿಗ್ಗೆ ಧಾರೆ ಹೊತ್ತಿಗೆ ದೊಡ್ಡಮ್ಮ ಮುಂದಿನ ಸಾಲಲ್ಲಿ ಕೂತು ತಟ್ಟಿಯನ್ನೇ ನೋಡುತ್ತಿದ್ದರು. ನನ್ನನ್ನು ಹತ್ತಿರ ಕರೆದು, ಎಡಗಡೆ ಒಂದು ಎಳೆ ವಾರೆಯಾಗಿದೆ, ಸಂಜೆ ಸರಿ ಮಾಡೋಣ ಅಂದರು.